ವಾಸನೆ ನಿಂತರೆ ಹೆದರು

ಮಾವನ ಎಡಗಿವಿಯ ಮೇಲಂಚು ಇರಲಿಲ್ಲ. ಇಲಿ ಕಡಿದ ರೊಟ್ಟಿಯ ಹಾಗೆ ಅಲ್ಲಿ ಒಂದು ಬೆರಳಗಲ ಕಾಣೆಯಾಗಿತ್ತು. ಉಳಿದ ಅಂಚು ತೆಳ್ಳಗೆ, ನಯವಾಗಿ, ಬಿಸಿಲು ಬಿದ್ದರೆ ಕೆಂಪಗೆ ಹೊಳೆಯುತ್ತಿತ್ತು. ನಮ್ಮ ಮಗಳು ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತು ಅದನ್ನು ಮುಟ್ಟಿ ಮುಟ್ಟಿ ನೋಡಿ, "ಯಾರು ಕಚ್ಚಿದ್ರು ತಾತ?" ಎಂದು ಕೇಳುತ್ತಿದ್ದಳು. "ಚಳಿ ಕಚ್ಚಿತು" ಎನ್ನುತ್ತಿದ್ದ. ಚಳ್ಳಕೆರೆಯಲ್ಲಿ ಹುಟ್ಟಿದ ಮಗುವಿಗೆ ಚಳಿಗೂ ಹಲ್ಲಿರುತ್ತದೆ ಎಂದರೆ ಹೇಗೆ ಅರ್ಥವಾಗಬೇಕು? ನನಗೂ ಆಗಿರಲಿಲ್ಲ. ಆ ಕಿವಿಯ ಕತೆ ನನಗೆ ತಿಳಿದದ್ದು ಬಹಳ ತಡವಾಗಿ, ಅವನು ನಮ್ಮ ಯಜಮಾನರನ್ನು ಹಾಡಹಗಲಲ್ಲಿ ಆಳುಕಾಳುಗಳ ಮುಂದೆ ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತ ಮೇಲೆ.

ಮಾವ ಎಂದರೆ ನನ್ನ ಅವ್ವನ ಕೊನೆಯ ತಮ್ಮ. ಆಂಧ್ರದ ಗಡಿಯ ದೇವಸಮುದ್ರದವನು. ನನಗಿಂತ ಎಂಟು ಹತ್ತು ವರ್ಷ ದೊಡ್ಡವನಿರಬೇಕು, ಅಷ್ಟೆ. ನನ್ನನ್ನು ಎತ್ತಿ ಆಡಿಸಿದವನಾದ್ದರಿಂದ ಏಕವಚನವೇ ರೂಢಿಯಾಗಿ ಹೋಗಿದೆ, ಈಗ ಬರೆಯುವಾಗಲೂ ಬದಲಾಯಿಸಲು ಮನಸ್ಸು ಬರುವುದಿಲ್ಲ. ನಾನು ಮದುವೆಯಾಗಿ ಚಳ್ಳಕೆರೆಗೆ ಬರುವ ಹೊತ್ತಿಗೆ ಅವನು ಇಲ್ಲಿನ ಕಡಲೆಕಾಯಿ ಎಣ್ಣೆ ಮಿಲ್ಲುಗಳಲ್ಲಿ ಪೈಪು, ವಾಲ್ವು ಸರಿಮಾಡುವ ಫಿಟ್ಟರ್ ಆಗಿದ್ದ. ನಮ್ಮ ಯಜಮಾನರ ಮನೆಯದೂ ಒಂದು ಸಣ್ಣ ಮಿಲ್ಲು. ತವರಿನ ಕಡೆಯವರು ಒಬ್ಬರು ಅದೇ ಊರಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ ಇದ್ದಾರೆ ಎನ್ನುವುದು ಹೊಸ ಸೊಸೆಗೆ ಎಷ್ಟು ಧೈರ್ಯವೆಂದು ಸೊಸೆಯಾಗಿ ಬಂದವರಿಗಷ್ಟೇ ಗೊತ್ತು.

ತೊಂಬತ್ತರ ದಶಕದ ನಡುವೆ ಹೊರಗಿನ ಅಗ್ಗದ ಎಣ್ಣೆ ಬಂದು ಇಲ್ಲಿನ ಮಿಲ್ಲುಗಳು ಒಂದೊಂದೇ ಬಾಗಿಲು ಹಾಕತೊಡಗಿದವು. ಮಾವ ಒಂದು ಟ್ರಂಕು, ಒಂದು ಕರೀಕಂಬಳಿ ತೆಗೆದುಕೊಂಡು ಬೊಂಬಾಯಿಗೆ ಹೋದ. ಅಲ್ಲಿ ಕಂಪನಿಗೆ ಸೇರಿ ಕಜಕಸ್ತಾನಕ್ಕೆ ಹೊರಟ. ಆ ಕಂಪನಿಯ ಹೆಸರು ನಮ್ಮ ಬಾಯಿಗೆ ಒಗ್ಗಲೇ ಇಲ್ಲ, ನಮ್ಮ ಮಟ್ಟಿಗೆ ಅದು ಬರೀ 'ಕಂಪನಿ'. ರಷ್ಯಾದ ದೊಡ್ಡ ಸಂಸಾರ ಒಡೆದು ಬೇರೆ ಬೇರೆ ದೇಶಗಳಾದಾಗ, ಅಣ್ಣತಮ್ಮಂದಿರು ಪಾಲಾದ ಹೊಲಕ್ಕೆ ಹೊರಗಿನವರು ಬಂದು ಕೈ ಹಾಕುವಂತೆ, ಅದು ಒಂದೊಂದು ದೇಶದಲ್ಲಿ ಒಂದೊಂದು ಎಣ್ಣೆಬಾವಿಯ ಬಯಲು, ಗ್ಯಾಸ್ ಬಯಲು ಕೊಂಡುಕೊಂಡಿತ್ತಂತೆ. ಮಾವ ಅವೆಲ್ಲ ಕಡೆ ತಿರುಗಿದ. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ದಿನಕ್ಕೆ ಅದೇ ಟ್ರಂಕು, ಅದೇ ಕಂಬಳಿಯ ಜೊತೆ ವಾಪಸು ಬಂದ. ಕಂಪನಿ ತೊಡಲು ಕೊಟ್ಟ ಕೋಟಿಗಿಂತ ಚಳ್ಳಕೆರೆ ಕಂಬಳಿಯೇ ಬೆಚ್ಚಗಿತ್ತು ಎಂದು ಹೇಳಿಕೊಂಡು ಓಡಾಡಿದ. ಮದುವೆಯಾಗಿರಲಿಲ್ಲ. ಕೇಳಿದವರಿಗೆ, "ಅಲ್ಲಿ ಚಳಿ ಬಿಡ್ಲಿಲ್ಲ, ಇಲ್ಲಿ ಬಿಸ್ಲು ಬಿಡ್ಲಿಲ್ಲ, ಯಾವ ಕಾಲದಾಗೆ ಆಗ್ಲಿ ಹೇಳ್ರಿ" ಎನ್ನುತ್ತಿದ್ದ. ನಮ್ಮ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಉಳಿದ. ಊಟ ನಮ್ಮ ಮನೆಯಲ್ಲಿ.

ಬಂದವನು ಹೋದವನಂತಿರಲಿಲ್ಲ. ಹಾಲಿಲ್ಲದ ಚಹಾ ಮಾಡಿಸಿಕೊಂಡು, ಒಂದು ತುಣುಕು ಬೆಲ್ಲ ಹಲ್ಲಿನ ನಡುವೆ ಇಟ್ಟುಕೊಂಡು ಕುಡಿಯುತ್ತಿದ್ದ. ಇದಕ್ಕೆ ನಾವು ಬೇಗ ಒಗ್ಗಿಕೊಂಡೆವು. ಒಗ್ಗಿಕೊಳ್ಳಲಾಗದೆ ಹೋದದ್ದು ಅವನ ಎಚ್ಚರಕ್ಕೆ. ಯಾರ ಮನೆಗೆ ಹೋದರೂ ಕೂರುವ ಮುಂಚೆ ಹಿತ್ತಲ ಬಾಗಿಲು ಎಲ್ಲಿದೆ ಎಂದು ನೋಡುತ್ತಿದ್ದ. ಮದುವೆ ಛತ್ರದಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. "ಒಳಕ್ಕೆ ಬರೋ ದಾರಿ ಎಲ್ಲಾರೂ ತೋರಿಸ್ತಾರೆ. ಹೊರಕ್ಕೆ ಹೋಗೋ ದಾರಿ ನಾವೇ ನೋಡ್ಕಾಬೇಕು" ಎನ್ನುವುದು ಅವನ ಮಾತು. ನಾನು ಸಿಲಿಂಡರ್ ಬದಲಾಯಿಸುವ ದಿನವಂತೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮೂಗರಳಿಸಿ ಗಾಳಿ ಎಳೆಯುತ್ತಿದ್ದ. ಅವನು ಸರಿ ಎಂದು ತಲೆಯಾಡಿಸುವ ತನಕ ಕಡ್ಡಿ ಗೀರಲು ನನಗೆ ಕೈ ಬರುತ್ತಿರಲಿಲ್ಲ. ಒಬ್ಬ ಮನುಷ್ಯ ಹಾಗೆ ಸದಾ ಕಿವಿ ನಿಮಿರಿಸಿಕೊಂಡಿದ್ದರೆ ಮನೆಯವರೆಲ್ಲರ ಬೆನ್ನೂ ತಾನಾಗಿ ನೆಟ್ಟಗಾಗುತ್ತದೆ.

ಅವನು ಹಗುರಾಗುತ್ತಿದ್ದದ್ದು ಊಟದ ನಂತರ, ಮಗಳಿಗೆ ಕಂಪನಿಯ ಆಸ್ತಿ ತೋರಿಸುವಾಗ. ಹಿತ್ತಾಳೆ ತಟ್ಟೆಯನ್ನು ಹಜಾರದ ನೆಲದ ಮೇಲೆ ಬೋರಲು ಹಾಕುತ್ತಿದ್ದ. "ಇದು ಕ್ಯಾಸ್ಪಿಯನ್ ಸಮುದ್ರ." ಆಮೇಲೆ ಮೊರದಿಂದ ಕಡಲೆಬೀಜ ಆರಿಸಿ ಸುತ್ತ ಇಡುವುದು. "ಇದು ಕಜಕಸ್ತಾನ, ಇಲ್ಲಿ ಎರಡು. ಕೆಳಗೆ ತುರ್ಕ್‌ಮೆನಿಸ್ತಾನ, ಬರೀ ಮರಳು, ಇಲ್ಲೊಂದು ಗ್ಯಾಸಿಂದು. ಸಮುದ್ರದ ಆಚೆ ದಡದಾಗೆ ಅಜರ್‌ಬೈಜಾನ್. ಇಲ್ಲಿನವು ಹಳೇ ಬಾವಿ, ಗೊಡ್ಡೆಮ್ಮೆ ಇದ್ದಂಗೆ, ಎಷ್ಟು ಹಿಂಡಿದ್ರೂ ಒಂದು ಲೋಟ. ಅಗೋ ದೂರದಾಗೆ ಉಕ್ರೇನು, ಅಲ್ಲೊಂದು ಸಣ್ಣದು." ಬೀಜದಿಂದ ಬೀಜಕ್ಕೆ ನನ್ನ ಹೂ ಕಟ್ಟುವ ದಾರ. ಅದು ಪೈಪ್‌ಲೈನು.

"ಆಫೀಸರುಗಳು ಇವಕ್ಕೆ ಅಸೆಟ್ ಅಂತಾರೆ" ಎಂದ ಒಮ್ಮೆ.

"ಹಂಗಾದ್ರೆ ನೀವೂ ಅಸೆಟ್ಟೇ ಏನ್ರಿ ಮಾವ?" ಎಂದು ನಮ್ಮ ಯಜಮಾನರು ಜಗಲಿಯಿಂದಲೇ ಕೆಣಕಿದರು.

"ಎಲ್ಲಿ ಬಂತಪ್ಪ. ಬಾವಿ ಅಸೆಟ್ಟು, ಪೈಪು ಅಸೆಟ್ಟು. ನಾವು ಖರ್ಚು."

ಆ ವರ್ಷಗಳಲ್ಲಿ ಕಂಪನಿ ಕೊಂಡದ್ದನ್ನೆಲ್ಲ ಒಂದೊಂದಾಗಿ ಮಾರುತ್ತಿತ್ತು. ಬೊಂಬಾಯಿಯ ಅವನ ಹಳೇ ಜೊತೆಗಾರ ಆಗಾಗ ನಮ್ಮ ಮಿಲ್ಲಿನ ಫೋನಿಗೆ ಸುದ್ದಿ ಹೇಳುತ್ತಿದ್ದ. ಆ ದಿನ ಮಾವ ನಕ್ಷೆ ಹರಡಿ, ಮಾರಿದ ಬಯಲಿನ ಬೀಜವನ್ನು ಎತ್ತಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯುತ್ತಿದ್ದ. "ತುರ್ಕ್‌ಮೆನಿಸ್ತಾನ ಹೋತು." ಮಗಳು ಚಪ್ಪಾಳೆ ತಟ್ಟುತ್ತಿದ್ದಳು. ಕಜಕಸ್ತಾನದ ಎರಡು ಬೀಜಗಳಲ್ಲಿ ಒಂದನ್ನು ಮಾತ್ರ ಅವನು ಎಂದೂ ತಿನ್ನಲಿಲ್ಲ. ಆಟ ಮುಗಿದ ಮೇಲೆ ಅದನ್ನು ಹಾಗೇ ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದ. ನಾನು ಗಮನಿಸಿದ್ದೆ, ಕೇಳಿರಲಿಲ್ಲ.

ಅಲ್ಲಿ ನೆಲದೊಳಗಿಂದ ಎಣ್ಣೆಯ ಜೊತೆ ಒಂದು ಕೆಟ್ಟ ಗಾಳಿ ಬರುತ್ತಿತ್ತಂತೆ. ಕೊಳೆತ ಮೊಟ್ಟೆಯ ವಾಸನೆ ಎಂದ. ನಾನು ನಕ್ಕೆ. ನಮ್ಮದು ಮೊಟ್ಟೆ ಒಳಗೆ ಬರದ ಮನೆ, ಒಳ್ಳೆಯ ಮೊಟ್ಟೆಯ ವಾಸನೆಯೇ ಗೊತ್ತಿಲ್ಲದವಳಿಗೆ ಕೊಳೆತದ್ದು ಹೇಗೆ ಗೊತ್ತಾಗಬೇಕು? ಅವನು ಸ್ವಲ್ಪ ಹೊತ್ತು ಯೋಚಿಸಿ, "ಮೂಲಂಗಿ ಹುಳಿ ಮಾಡಿ ಪಾತ್ರೆ ಮುಚ್ಚಿಟ್ಟು ಮರ್ತುಬಿಡು. ಮೂರನೇ ದಿನ ಮುಚ್ಚಳ ತೆಗಿ. ಆ ವಾಸ್ನೆ" ಎಂದ. ಆಮೇಲೆ ನಗದೆ ಹೇಳಿದ: "ಆ ವಾಸ್ನೆ ಬಂದ್ರೆ ಹೆದ್ರಬ್ಯಾಡ, ದೂರ ಹೋಗು. ವಾಸ್ನೆ ನಿಂತ್ರೆ ಹೆದ್ರು. ಗಾಳಿ ಜಾಸ್ತಿಯಾದಾಗ ಮೊದಲು ಸಾಯೋದು ಮೂಗು. ಮೂಗು ಸತ್ತ ಮ್ಯಾಲೆ ಮನುಷ್ಯ."

ಅದಕ್ಕೇ ಅಲ್ಲಿ ಎಲ್ಲೆಲ್ಲೂ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ ಕಟ್ಟಿರುತ್ತಿದ್ದರಂತೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ಓಡಬೇಕು. ಬಂದ ಹೊಸದರಲ್ಲೇ ಮಿಲ್ಲಿನ ತಾರಸಿಯ ಮೇಲೆ ಒಂದು ಬಿದಿರು ನೆಟ್ಟು, ನನ್ನ ಹರಿದ ಮೊಳಕಾಲ್ಮೂರು ಸೀರೆಯ ಕೆಂಪು ಸೆರಗನ್ನು ಉದ್ದಕ್ಕೆ ಸೀಳಿ ಕಟ್ಟಿದ. ಸಣ್ಣ ಗಾಳಿಗೂ ಅಲ್ಲಾಡುವುದು ರೇಷ್ಮೆಯೇ ಎಂಬುದು ಅವನ ವಾದ. "ಮೊಳಕಾಲ್ಮೂರು ಸೀರೇನ ಕಾಗೆ ಓಡ್ಸಾಕೆ ಕಟ್ಯಾನೆ ನಿನ್ನ ಮಾವ" ಎಂದು ಇವರು ಗೊಣಗಿದರು. ಮಾವ ದಿನಕ್ಕೆ ಎಷ್ಟೋ ಸಲ ಅಂಗಳದಲ್ಲಿ ನಿಂತು ತಲೆಯೆತ್ತಿ ಅದನ್ನು ನೋಡುತ್ತಿದ್ದ. ಊರಲ್ಲಿ ಅವನಿಗೆ ಗಾಳಿಮಾವ ಎಂದು ಹೆಸರಾಯಿತು.

ಮಿಲ್ಲಿನ ಹಿಂದೆ ಕಲ್ಲುಚಪ್ಪಡಿ ಮುಚ್ಚಿದ ಒಂದು ಗುಂಡಿ ಇತ್ತು, ಎರಡಾಳು ಆಳದ್ದು. ಎಣ್ಣೆಯ ಮಡ್ಡಿ, ತೊಳೆದ ನೀರು, ಹಿಂಡಿಯ ಪುಡಿ ಎಲ್ಲ ಹರಿದು ಹೋಗಿ ಅಲ್ಲಿ ನಿಲ್ಲುತ್ತಿತ್ತು. ಒಂದು ವರ್ಷ ಹೊಸ ಕಡಲೆಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಸರಿಯಾಗಿ ಅದು ತುಂಬಿ, ನೀರು ಅಂಗಳಕ್ಕೆ ಉಕ್ಕತೊಡಗಿತು. ಬಳಿಸಲೇಬೇಕಾಯಿತು. ಮಾವ ಹಿಂದಿನ ದಿನ ನೋಡಿ ಹೇಳಿದ: "ಚಪ್ಪಡಿ ತೆಗ್ದು ಬಿಡ್ರಿ, ಆರ್ಲಿ. ನಾನು ನಾಳೆ ದೇವಸಮುದ್ರಕ್ಕೆ ಹೋಗಿ ಅಣ್ಣನ ಪಂಪು ಎತ್ತಿಸಿ ಮಧ್ಯಾಹ್ನದ ಬಸ್ಸಿಗೆ ಬರ್ತೀನಿ. ಸಿಪ್ಪೆ ಫ್ಯಾನ್ ಹಚ್ಚಿ ಗಾಳಿ ಹೊಡ್ದು ಆಮ್ಯಾಲೆ ಇಳ್ಸಣ. ನಾನು ಬರೋತನಕ ಯಾರೂ ಇಳೀಬ್ಯಾಡ್ರಿ." ಸಿಪ್ಪೆ ಫ್ಯಾನ್ ಎಂದರೆ ಕಡಲೆಕಾಯಿ ಒಡೆಯುವಾಗ ಸಿಪ್ಪೆಯನ್ನು ಹಾರಿಸುವ ದೊಡ್ಡ ಬೀಸಣಿಗೆ, ತಗಡಿನ ಮೂತಿಯದು.

ಗುಂಡಿಗೆ ಇಳಿಯಬೇಕಾದವನು ಪಾಲಯ್ಯ. ಮೊಳಕಾಲ್ಮೂರಿನಾಚೆ ಆಂಧ್ರದ ಗಡಿಯ ಹಳ್ಳಿಯವನು. ಅವನ ಅಪ್ಪನ ಕಾಲದಿಂದ ಈ ಮಿಲ್ಲಿನಲ್ಲೇ ಕೆಲಸ. ಇವರೂ ಅವನೂ ಹುಡುಗರಾಗಿದ್ದಾಗ ಒಂದೇ ಬಾವಿಯಲ್ಲಿ ಈಜು ಕಲಿತವರು. ಜನರ ಮುಂದೆ "ಯಜಮಾನ್ರೇ" ಎನ್ನುತ್ತಿದ್ದವನು, ಇಬ್ಬರೇ ಇದ್ದಾಗ "ಲೇ" ಎನ್ನುವುದನ್ನು ನಾನು ಕೇಳಿದ್ದೆ. ಜೊತೆಗೆ ಅವನ ತಮ್ಮ ಬೋರಯ್ಯನೂ ಬಂದಿದ್ದ.

ಮರುದಿನ ಬೆಳಗಿನಿಂದ ಒಂದು ಚೂರು ಗಾಳಿಯಿರಲಿಲ್ಲ. ನಾನು ಮಜ್ಜಿಗೆ ತೆಗೆದುಕೊಂಡು ಹೋದಾಗ ಚಪ್ಪಡಿ ತೆಗೆದು, ಬಿದಿರೇಣಿ ಇಳಿಸಿದ್ದರು. ನಮ್ಮ ಕಡೆ ಹಾಳುಬಾವಿಗೆ ಇಳಿಯುವ ಮುಂಚೆ ಉರಿಯುವ ಲಾಟೀನು ಇಳಿಬಿಟ್ಟು ನೋಡುವುದು ಹಿಂದಿನಿಂದ ಬಂದ ಪದ್ಧತಿ. ದೀಪ ಆರಿದರೆ ಒಳಗೆ ಉಸಿರಿಲ್ಲ ಎಂದು ಅರ್ಥ, ಉರಿದರೆ ಇಳಿಯಬಹುದು. ಎಷ್ಟೋ ಜೀವ ಉಳಿಸಿದ ಪದ್ಧತಿ ಅದು, ಯಾರೂ ಅದನ್ನು ಅನುಮಾನಿಸಿದವರಿಲ್ಲ. ಪಾಲಯ್ಯ ಹಗ್ಗ ಎಳೆದು ಲಾಟೀನನ್ನು ಮೇಲೆತ್ತಿ ನನಗೆ ತೋರಿಸಿದ. ಬತ್ತಿ ನೆಟ್ಟಗೆ ಉರಿಯುತ್ತಿತ್ತು.

"ಮಾವ ಬರ್ಲಿ ಅಂದಿದ್ನಲ್ಲ ಪಾಲಯ್ಯ" ಎಂದೆ.

"ನಿಮ್ಮ ಮಾವ ಬಂದು ಅವ್ರ ಗಾಳಿಶಾಸ್ತ್ರ ಮುಗ್ಸೋದ್ರಾಗೆ ಕಡ್ಲೆಕಾಯಿ ಮೊಳಕೆ ಬರ್ತಾವೆ ಬಿಡಕ್ಕ. ದೀಪ ಆರಿಲ್ಲ, ನೋಡು."

ಇವರೂ ಲಾಟೀನು ನೋಡಿ, "ಎರಡು ಬಕೀಟು ಬಳಿದು ಹತ್ತಿಬಿಡು, ಉಳಿದದ್ದು ಮಾವ ಬಂದ ಮೇಲೆ" ಎಂದರು. ಪಾಲಯ್ಯ ಏಣಿ ಇಳಿದ. ಬಾಯಿ ಅಗಲವಾದ ಗುಂಡಿ, ಮೇಲಿನಿಂದ ಎಲ್ಲ ಕಾಣುತ್ತಿತ್ತು. ನನ್ನ ಮೂಗಿಗೆ ಹಳಸಿದ ಮೂಲಂಗಿ ಹುಳಿಯ ವಾಸನೆ ಬಡಿದು ಸೆರಗು ಮುಚ್ಚಿಕೊಂಡೆ. ಅವನೂ ಕೆಳಗಿನಿಂದ "ಥೂ" ಎಂದು ಉಗಿದ. ಒಂದು ಬಕೀಟು ತುಂಬಿ ಕಳಿಸಿದ. ಆಮೇಲೆ ತಲೆಯೆತ್ತಿ, ಸಮಾಧಾನದ ದನಿಯಲ್ಲಿ ಹೇಳಿದ: "ವಾಸ್ನೆ ಹೋತು ನೋಡ್ರಿ. ಈಗ ಪರವಾಗಿಲ್ಲ."

"ಮ್ಯಾಲೆ ಬಾ ಪಾಲಯ್ಯ, ಮ್ಯಾಲೆ ಬಾ" ಎಂದು ಕಿರುಚಿದೆ. ಅವನು ನನ್ನನ್ನು ನೋಡಿ ಮುಗುಳ್ನಕ್ಕ. ಏಣಿಗೆ ಕೈ ಹಾಕಿದ. ಆಮೇಲೆ, ಕೆಲಸದ ನಡುವೆ ಸುಸ್ತಾದವರು ಕೂರುತ್ತಾರಲ್ಲ, ಹಾಗೆ ಮೆಲ್ಲಗೆ ಕೂತುಬಿಟ್ಟ. ಕೂತವನು ಪಕ್ಕಕ್ಕೆ ವಾಲಿದ.

"ಅನ್ನಾ" ಎಂದು ತೆಲುಗಿನಲ್ಲೇ ಅಣ್ಣನನ್ನು ಕೂಗಿದ ಬೋರಯ್ಯ ಏಣಿಯಲ್ಲಿ ಅರ್ಧ ಇಳಿಯುವುದರೊಳಗೆ ಅವನ ಕೈ ಸಡಿಲಿತು. ಕಂಕುಳು ಏಣಿಯ ಮೆಟ್ಟಿಲಿಗೆ ಸಿಕ್ಕಿ ಅಲ್ಲೇ ಜೋತುಬಿದ್ದ. ಇವರು ಅಂಗಿ ಕಳಚಿ ಎಸೆದರು. ಪಂಚೆ ಎತ್ತಿ ಕಟ್ಟುತ್ತ ಏಣಿಯ ಮೇಲೆ ಒಂದು ಕಾಲು ಇಟ್ಟರು. ಈಜು ಬಲ್ಲವರು, ಬಾವಿಗಳಿಂದ ಇಬ್ಬರನ್ನು ಎತ್ತಿದವರು. ಮುಳುಗುವವನನ್ನು ಕಂಡರೆ ಹಾರುವುದು ಬಿಟ್ಟು ಬೇರೇನೂ ಗೊತ್ತಿಲ್ಲ ಅವರಿಗೆ.

ಆಗ ಮಾವ ಬಂದ. ಬಸ್ಸಿಳಿದು ರಸ್ತೆಯಿಂದಲೇ ಅಭ್ಯಾಸದಂತೆ ತಾರಸಿ ನೋಡಿದ್ದನಂತೆ. ರೇಷ್ಮೆ ಬಟ್ಟೆ ಒದ್ದೆ ಬಟ್ಟೆಯ ಹಾಗೆ ಜೋತಿತ್ತು. ಅದರ ಕೆಳಗೆ ಗುಂಡಿಯ ಸುತ್ತ ಜನ. ಪಂಪನ್ನು ರಸ್ತೆಯಲ್ಲೇ ಬಿಟ್ಟು ಓಡಿದವನು ಒಂದು ಮಾತೂ ಕೂಗಲಿಲ್ಲ. ಹಿಂದಿನಿಂದ ಇವರ ಕುತ್ತಿಗೆಗೆ ತೋಳು ಹಾಕಿ ಎಳೆದ. ಇಬ್ಬರೂ ನೆಲಕ್ಕೆ ಬಿದ್ದರು. ಇವರು ಏಳುವಷ್ಟರಲ್ಲಿ ಮಾವ ಎದೆಯ ಮೇಲೆ ಕೂತು ಮೊಣಕಾಲಿನಿಂದ ಎರಡೂ ಭುಜ ಒತ್ತಿಬಿಟ್ಟಿದ್ದ.

"ಬಿಡ್ರಿ ಮಾವ. ಪಾಲಯ್ಯ ಸಾಯ್ತಾನೆ. ಬಿಡು, ಬಿಡಲೇ."

"ವದ್ದು ರಾ," ಎಂದ ಮಾವ. ಕಷ್ಟ ಬಂದಾಗ ಅವನ ಬಾಯಿಗೆ ಗಡಿಯ ತೆಲುಗೇ ಬರುತ್ತಿತ್ತು. "ವದ್ದು. ಬ್ಯಾಡ."

ಇವರು ಅವನ ಮಣಿಕಟ್ಟನ್ನು ಕಚ್ಚಿದರು. ರಕ್ತ ಬಂತು. ಮಾವ ಕೈ ಎಳೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, ದನಿ ಏರಿಸದೆ ಹೇಳಿದ: "ಫ್ಯಾನ್ ತರಿಸು. ಪಾತಾಳಗರಡಿ ತರಿಸು. ಯಾರೂ ಬಗ್ಗಿ ನೋಡಬ್ಯಾಡ್ರಿ, ಹಿಂದಕ್ಕೆ ಸರೀರಿ."

ನಾಲ್ಕು ಜನ ಸಿಪ್ಪೆ ಫ್ಯಾನನ್ನು ಎಳೆತಂದು ಮೂತಿಯನ್ನು ಗುಂಡಿಗೆ ತಿರುಗಿಸಿದರು. ಸ್ವಿಚ್ಚು ಒತ್ತಿದವಳು ನಾನು. ಕರೆಂಟು ಇತ್ತು, ಅದು ದೇವರ ದಯೆ. ಗಾಳಿ ನುಗ್ಗಿತು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಪಾತಾಳಗರಡಿ ಪಕ್ಕದ ಮನೆಯಿಂದ ಬಂತು. ದೂರದಿಂದಲೇ ಹಗ್ಗ ಬೀಸಿ ಬೋರಯ್ಯನ ಅಂಗಿಗೆ ಕೊಕ್ಕೆ ಸಿಕ್ಕಿಸಿದರು. ಅವನು ಬಂದ. ಹೊರಗೆ ಮಲಗಿಸಿದಾಗ ಮುಖ ಬೂದಿಯ ಬಣ್ಣ, ಆದರೆ ಎದೆ ಏರಿಳಿಯುತ್ತಿತ್ತು. ಪಾಲಯ್ಯನಿಗೆ ಕೊಕ್ಕೆ ಸಿಕ್ಕಲಿಲ್ಲ. ಫ್ಯಾನ್ ಬಹಳ ಹೊತ್ತು ಓಡಿದ ಮೇಲೆ, ಇವರನ್ನು ಹಿಡಿದುಕೊಳ್ಳಲು ಮೂವರನ್ನು ಕೂರಿಸಿ, ಮಾವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತಾನೇ ಇಳಿದು ಅವನನ್ನು ಕಟ್ಟಿ ಕಳಿಸಿದ. ಅಷ್ಟರಲ್ಲಿ ಪಾಲಯ್ಯ ಇರಲಿಲ್ಲ.

ಅವನ ಅವ್ವ ಸಂಜೆ ಬಂದಳು. ಅತ್ತಳು. ಆಮೇಲೆ ಅಳು ನಿಲ್ಲಿಸಿ ಮಾವನ ಮುಂದೆ ಹೋಗಿ ನಿಂತಳು. "ನೀನು ಇಳಿದ್ಯಲ್ಲಪ್ಪ ಕೊನೆಗೆ. ಯಜಮಾನನ್ನ ಮೊದ್ಲೇ ಬಿಟ್ಟಿದ್ರೆ ನನ್ನ ಮಗ ಉಳೀತಿದ್ದ." ಮಾವ ಗಾಯದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತಿದ್ದ. ಇವರು ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಆ ಮಾತು ಅವರ ಕಿವಿಗೆ ಬಿತ್ತು. ಬಿದ್ದದ್ದು ಇಳಿಯಿತು.

ಮರುದಿನ ಇವರು ತಾರಸಿ ಹತ್ತಿ ಬಿದಿರನ್ನು ಕಿತ್ತು ಬಟ್ಟೆಯ ಸಮೇತ ಸೌದೆಯ ರಾಶಿಗೆ ಎಸೆದರು. ನಾನು ಬಟ್ಟೆಯನ್ನು ಬಿಚ್ಚಿ ತೆಗೆದಿಟ್ಟೆ.

ಆ ತಿಂಗಳುಗಳು ನೆನಪಾದರೆ ಈಗಲೂ ಊಟ ಇಳಿಯುವುದಿಲ್ಲ. ಪೊಲೀಸ್ ಕೇಸು ನಡೆಯಿತು. ಪಾಲಯ್ಯನ ಮನೆಯ ಭಾರವನ್ನು ಇವರು ಹೊತ್ತರು. ಮಾವನ ಜೊತೆ ಮಾತ್ರ ಒಂದು ಮಾತಿಲ್ಲ. ಅವನು ಬಾಗಿಲಿಗೆ ಬಂದರೆ ಇವರು ಎದ್ದು ಒಳಗೆ ಹೋಗುತ್ತಿದ್ದರು. ಕೊನೆಗೆ ಅವನೇ, "ನನ್ನ ತಟ್ಟೆ ಕೋಣೆಗೇ ಕಳ್ಸವ್ವ" ಎಂದ. ಕಡಲೆಬೀಜದ ನಕ್ಷೆ ನಿಂತುಹೋಯಿತು. ಅಂಗಳ ದಾಟುವಾಗ ಮಾತ್ರ ಅಭ್ಯಾಸ ಬಿಡದೆ ತಲೆಯೆತ್ತುತ್ತಿದ್ದ. ಬಟ್ಟೆಯಿಲ್ಲದ ಆಕಾಶ ನೋಡಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ. ಒಂದೇ ಅಂಗಳದಲ್ಲಿ ಇಬ್ಬರು. ಒಬ್ಬರು ಗಂಡ, ಒಬ್ಬ ತವರು. ಯಾರ ಕಡೆ ನೋಡಿದರೂ ಇನ್ನೊಬ್ಬರಿಗೆ ಬೆನ್ನು.

ಒಂದು ಮಧ್ಯಾಹ್ನ ತಟ್ಟೆ ತೆಗೆದುಕೊಂಡು ಹೋದಾಗ ಅವನು ಮಂಚದ ಮೇಲೆ ಕೂತು ಅಂಗೈಯಲ್ಲಿ ಒಂದೇ ಒಂದು ಕಡಲೆಬೀಜ ಇಟ್ಟುಕೊಂಡು ನೋಡುತ್ತಿದ್ದ.

"ಅದನ್ನ ಯಾಕೆ ತಿನ್ನಲ್ಲ ನೀನು? ಅದೊಂದು ಮಾರಿಲ್ವಾ?"

"ಮಾರಿದ್ರು. ಮೊದ್ಲು ಮಾರಿದ್ದೇ ಇದನ್ನ."

ಅವತ್ತು ಹೇಳಿದ. ಕಜಕಸ್ತಾನದ ಆ ಬಯಲಿನಲ್ಲಿ ಅವನ ಕೋಣೆಯಲ್ಲೇ ಇದ್ದ ಕೇರಳದ ಗೆಳೆಯನೊಬ್ಬ, ಹಿಮ ಬಿದ್ದ ಒಂದು ದಿನ, ಪಂಪಿನ ಶೆಡ್ಡಿನೊಳಗೆ ವಾಲ್ವು ತಿರುಗಿಸಲು ಹೋಗಿ ಆ ಕೆಟ್ಟ ಗಾಳಿಗೆ ಬಿದ್ದ. ಕೆಲಸಕ್ಕೆ ಹೊಸಬನಾದ ಮಾವ ಒಳಗೆ ನುಗ್ಗಲು ಓಡಿದ. ಅಲ್ಲಿನವನೇ ಆದ ಒಬ್ಬ ಮುದುಕ ಫಿಟ್ಟರ್ ಅವನನ್ನು ಹಿಮದ ಮೇಲೆ ಕೆಡವಿ ಎದೆಯ ಮೇಲೆ ಕೂತ. ಅವನ ಹೆಸರು ಮಾವನಿಗೆ ಗೊತ್ತಾಗಲೇ ಇಲ್ಲ, ಎಲ್ಲರೂ ಅಕ್ಸಕಾಲ್ ಎನ್ನುತ್ತಿದ್ದರು. ಬಿಳಿಗಡ್ಡದವನು ಎಂದು ಅರ್ಥವಂತೆ.

"ಟೋಪಿ ಹಾರಿಹೋಗಿತ್ತು. ಕಿವಿ ಹಿಮಕ್ಕೆ ಒತ್ಕಂಡಿತ್ತು. ಮುಖವಾಡ ಹಾಕ್ಕಂಡೋರು ಬರೋತನಕ ಏಳ್ಸಲೇ ಇಲ್ಲ ನನ್ನ. ಕಿವಿ ಹೋದದ್ದು ಗೊತ್ತಾಗ್ಲಿಲ್ಲ. ಗೆಳೆಯ ಹೋದ." ಬೀಜವನ್ನು ಅಂಗೈಯಲ್ಲಿ ಹೊರಳಿಸಿದ. "ಆಮ್ಯಾಲೆ ಆ ಮುದುಕ ದಿನಾ ನನ್ನ ಮಂಚದ ಹತ್ರ ಚಾ ಇಟ್ಟು ಹೋಗೋನು. ನಾನು ಮುಟ್ಲಿಲ್ಲ. ಮುಖ ನೋಡ್ಲಿಲ್ಲ. ಅಷ್ಟ್ರಾಗೆ ಕಂಪನಿ ಆ ಬಯಲು ಮಾರ್ತು. ನಮ್ಮನ್ನ ಬಸ್ಸಿಗೆ ತುಂಬಿ ತುರ್ಕ್‌ಮೆನಿಸ್ತಾನಕ್ಕೆ ಕಳ್ಸಿದ್ರು. ಮುದುಕ ಗೇಟಿನ ಹತ್ರ ನಿಂತು ಕೈ ಎತ್ತಿದ. ನಾನು ಈ ಕಡೆ ತಿರುಗ್ಕಂಡೆ."

"ಆಮೇಲೆ?"

"ತುರ್ಕ್‌ಮೆನಿಸ್ತಾನದಾಗೆ ಗ್ಯಾಸಿನ ಪಾಠ ಹೇಳಿಕೊಟ್ರು. ಆಗ ಗೊತ್ತಾತು, ಆವತ್ತು ನಾನು ಸಾವಿಗೆ ಎಷ್ಟು ಹತ್ರ ಇದ್ದೆ ಅಂತ. ಹೋಗಿ ಕಾಲಿಗೆ ಬೀಳಣ ಅಂದ್ರೆ ದಾರಿ ಎಲ್ಲಿ? ಬಾವಿ ಮಾರಿದ್ರೆ ಅಲ್ಲಿನ ಜನಾನೂ ಬಾವಿ ಜೊತೆ ಹೋಗ್ತಾರೆ, ಯಾರದೋ ಕೈಗೆ. ಹೊಸ ಯಜಮಾನ ಯಾರು, ಮುದುಕ ಇದ್ದಾನಾ ಇಲ್ವಾ, ಯಾರನ್ನ ಕೇಳಣ."

ಬೀಜವನ್ನು ಜೇಬಿಗೆ ಹಾಕಿಕೊಂಡ. "ನಿನ್ನ ಗಂಡ ಎಷ್ಟು ದಿನ ಮಾತು ಬಿಟ್ರೂ ನಂಗೆ ಸಿಟ್ಟಿಲ್ಲ ಕಣವ್ವ. ಆದ್ರೆ ಲಾಟೀನಿನ ಮಾತು ನಾನು ಹೇಳಿ ಹೋಗ್ಬೇಕಿತ್ತು. ಆ ಗ್ಯಾಸಿಗೆ ದೀಪ ಆರಲ್ಲ. ಇಳೀಬ್ಯಾಡ್ರಿ ಅಂದ್ರೆ ಸಾಕು ಅಂದ್ಕಂಡೆ."

ಇದನ್ನೆಲ್ಲ ಬಡಿಸುವಾಗ ಇವರಿಗೆ ಹೇಳಿದೆ. ಅನ್ನ ಕಲಸುತ್ತ ಕೂತಿದ್ದರು. ಕೈ ತೊಳೆದು ಎದ್ದು ಹೋದರು.

ಬೋರಯ್ಯ ದಾವಣಗೆರೆಯ ಆಸ್ಪತ್ರೆಯಿಂದ ಬಂದು, ಹಳ್ಳಿಯಲ್ಲಿ ಸುಧಾರಿಸಿಕೊಂಡು, ನಮ್ಮ ಮನೆಗೆ ಬಂದದ್ದು ಆಷಾಢದ ಗಾಳಿ ಶುರುವಾದ ಮೇಲೆ. ಮಾತು ಸ್ವಲ್ಪ ತಡೆದು ತಡೆದು ಬರುತ್ತಿತ್ತು. ಜಗಲಿಯಲ್ಲಿ ಕೂತ. ಇವರು ಬಾಗಿಲ ಒಳಗೆ, ಕಾಣದ ಹಾಗೆ ನಿಂತಿದ್ದರು.

"ಒಂದು ಮಾತು ಹೇಳಣ ಅಂತ ಬಂದೆ ಅಕ್ಕ. ನಾನು ಏಣಿ ಇಳೀವಾಗ ಮೊದ್ಲು ವಾಸ್ನೆ ಇತ್ತು. ಎರಡು ಮೆಟ್ಲು ಇಳ್ದೆ, ವಾಸ್ನೆ ಇಲ್ಲ. ಒಳ್ಳೇದಾತು, ಅಣ್ಣನ್ನ ಹಿಡ್ಕಬಹುದು ಅಂದ್ಕಂಡೆ. ಅಷ್ಟೇ. ಮೂರನೇ ಮೆಟ್ಲು ನೆನಪಿಲ್ಲ. ಯಜಮಾನ್ರು ನನ್ನ ಹಿಂದೆ ಬಂದಿದ್ರೆ ನನ್ನ ಮ್ಯಾಲೇ ಬೀಳ್ತಿದ್ರು. ಮೂರು ಜನಾನೂ ಅಲ್ಲೇ ಇರ್ತಿದ್ವಿ. ಅವ್ವಗೂ ಹೇಳೀನಿ ಇದನ್ನ."

ಅವನಿಗೆ ಊಟ ಹಾಕಿ ಕಳಿಸಿ ಒಳಗೆ ಬಂದಾಗ ಇವರು ಅಲ್ಲಿರಲಿಲ್ಲ. ಸೌದೆಯ ರಾಶಿಯಲ್ಲಿ ಏನೋ ಸದ್ದು. ಹೋಗಿ ನೋಡಿದರೆ ಆ ಬಿದಿರನ್ನು ಎಳೆದು ತೆಗೆದಿದ್ದರು.

"ಬಟ್ಟೆ ಎಲ್ಲಿ?" ಎಂದರು.

ಪೆಟ್ಟಿಗೆಯಿಂದ ತಂದುಕೊಟ್ಟೆ. ತಾರಸಿ ಹತ್ತಿದರು. ಆಷಾಢದ ಗಾಳಿಗೆ ಬಿದಿರು ನಿಲ್ಲಿಸಲು ಒಬ್ಬರಿಂದ ಆಗದ ಕೆಲಸ, ಆದರೂ ಯಾರನ್ನೂ ಕರೆಯಲಿಲ್ಲ. ಮಾವ ಸದ್ದು ಕೇಳಿ ಕೋಣೆಯಿಂದ ಹೊರಗೆ ಬಂದ. ಅಂಗಳದ ನಡುವೆ, ಮೊದಲೆಲ್ಲ ನಿಲ್ಲುತ್ತಿದ್ದ ಜಾಗದಲ್ಲೇ ನಿಂತ. ಬಿಸಿಲು ಕಣ್ಣಿಗೆ ಹೊಡೆದು, ಮೇಲಿನದು ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಕೇಳಿದ:

"ಯಾವ ಕಡೆ?"

ಇವರು ಗಂಟು ಬಿಗಿಯುತ್ತ, ಕೆಳಗೆ ನೋಡದೆ ಹೇಳಿದರು: "ಪಡುವಣ ಗಾಳಿ, ಮಾವ."

"ಹಂಗಾದ್ರೆ ಸರಿ."

ಆ ಸಂಜೆ ಇವರು ಎರಡು ತಟ್ಟೆ ಜೊತೆಗೆ ಹಾಕಲು ಹೇಳಿದರು. ಮಾವ ಊಟಕ್ಕೆ ಕೂತು ತೋಳು ಮಡಿಸಿದಾಗ ಇವರ ಕಣ್ಣು ಅವನ ಮಣಿಕಟ್ಟಿನ ಮೇಲೆ, ತಮ್ಮ ಹಲ್ಲಿನ ಗುರುತಿನ ಮೇಲೆ ನಿಂತಿತ್ತು. ತುಪ್ಪದ ಗಿಂಡಿಯನ್ನು ಅವನ ಕಡೆಗೆ ಸರಿಸಿದರು.

ಮಾವ ಆಮೇಲೆ ಕೆಲವೇ ವರ್ಷ ಇದ್ದ. ಶ್ವಾಸಕೋಶ ಸೋತಿತ್ತು. ಅಲ್ಲಿನ ಚಳಿಯೋ, ಗಾಳಿಯೋ, ಆ ದಿನ ಗುಂಡಿಗೆ ಇಳಿದದ್ದೋ, ಡಾಕ್ಟರು ಏನೂ ಖಚಿತವಾಗಿ ಹೇಳಲಿಲ್ಲ. ಕೊನೆಯ ದಿನಗಳಲ್ಲಿ ಇವರೇ ಅವನನ್ನು ಎತ್ತಿ ಕೂರಿಸಿ ಹಾಲಿಲ್ಲದ ಚಹಾ ಕುಡಿಸುತ್ತಿದ್ದರು, ಬೆಲ್ಲವನ್ನು ಹಲ್ಲಿನ ನಡುವೆ ಇಡುವುದನ್ನೂ ಮರೆಯದೆ. ಹೊರಟಾಗ ಅದೇ ಕರೀಕಂಬಳಿ ಹೊದಿಸಿದೆವು. ಅಂಗಿಯ ಜೇಬಿನಲ್ಲಿ ಆ ಒಂದು ಬೀಜ ಇತ್ತು. ಅದನ್ನು ತೆಗೆಯಲಿಲ್ಲ.

ಎಲ್ಲೋ ಕಜಕಸ್ತಾನದ ಬಯಲಿನಲ್ಲಿ, ಈಗ ಯಾರ ಕೈಯಲ್ಲಿದೆಯೋ ಗೊತ್ತಿಲ್ಲದ ಎಣ್ಣೆಬಾವಿಯ ಪಕ್ಕ, ಹೆಸರು ಗೊತ್ತಿಲ್ಲದ ಒಬ್ಬ ಬಿಳಿಗಡ್ಡದವನು ನಮ್ಮ ಮಾವನ ಎದೆಯ ಮೇಲೆ ಕೂತಿದ್ದರಿಂದ ನನ್ನ ಕೊರಳಿನ ತಾಳಿ ಇವತ್ತಿಗೂ ಇದೆ. ಅವನಿಗೆ ಕೈ ಮುಗಿಯಬೇಕೆಂದರೆ ಯಾವ ದಿಕ್ಕಿಗೆ ಎಂದು ನನಗೆ ತಿಳಿಯದು.

ಮಾವನನ್ನು ಮಣ್ಣು ಮಾಡಿ ಬಂದ ಸಂಜೆ ಎಲ್ಲರೂ ಕಾಲು ತೊಳೆದು ಒಳಗೆ ಹೋದರು. ಇವರು ಮಾತ್ರ ಅಂಗಳದ ನಡುವೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ತಾರಸಿಯ ಕಡೆ ನೋಡಿದರು. ನಾನು ಚೊಂಬು ಹಿಡಿದು ಕಾಯುತ್ತಿದ್ದೆ.

"ಪಡುವಣ ಗಾಳಿ" ಎಂದರು, ಕೇಳಿದವರಿಗೆ ಉತ್ತರ ಹೇಳುವ ಹಾಗೆ. ಆಮೇಲೆ ಕಾಲು ತೊಳೆದುಕೊಂಡರು.